ಮುನ್ನಿ ಎದ್ದು ನಿಲ್ಲಲಿಲ್ಲ

ಸಹೋದರಿಯರೇ, ನಿಮ್ಮ ಮನೆಯಲ್ಲೂ ಒಂದು ಬೆಕ್ಕು ಇರಬಹುದು. ದುಡ್ಡು ಕೊಟ್ಟು ತಂದದ್ದಲ್ಲ, ತಾನಾಗಿಯೇ ಬಂದು ಸೇರಿಕೊಂಡದ್ದು. ನಮ್ಮ ಮುನ್ನಿಯೂ ಹಾಗೆಯೇ ಬಂದವಳು. ಮಳೆಗಾಲದ ಒಂದು ಸಂಜೆ ಹೊಲಿಗೆ ಯಂತ್ರದ ಕೆಳಗೆ ಬಿದ್ದಿದ್ದ ಬಟ್ಟೆ ಚೂರುಗಳ ಮೇಲೆ ಮಲಗಿದ್ದಳು. ಓಡಿಸಿದರೆ ಹೋಗಲಿಲ್ಲ. ಆಮೇಲೆ ಓಡಿಸುವುದನ್ನು ನಾವೇ ಬಿಟ್ಟೆವು.

2023ರ ರಮಝಾನ್ ಆರಂಭವಾಗಿ ಐದಾರು ದಿನಗಳಾಗಿದ್ದವು. ಸಹ್ರಿಗೆ ಎದ್ದು ಒಲೆ ಹಚ್ಚುವಾಗ ದಿನವೂ ಕಾಲಿಗೆ ಸುತ್ತಿಕೊಳ್ಳುತ್ತಿದ್ದವಳು ಅಂದು ಬರಲಿಲ್ಲ. ಬಾಗಿಲ ಬಳಿ ಏನೋ ಎಳೆದಂತೆ ಸದ್ದಾಯಿತು. ತೆರೆದು ನೋಡಿದರೆ ಮುಂದಿನ ಎರಡು ಕಾಲುಗಳಿಂದ ನೆಲವನ್ನು ಕೆರೆಯುತ್ತಾ ಹಿಂದಿನ ಅರ್ಧ ಮೈಯನ್ನು ಒದ್ದೆ ಬಟ್ಟೆಯಂತೆ ಎಳೆದುಕೊಂಡು ಬರುತ್ತಿದ್ದಳು. ಬೈಕ್ ಬಡಿಯಿತೋ, ನಾಯಿ ಕಚ್ಚಿ ಒದರಿತೋ, ನೋಡಿದವರಿಲ್ಲ. ಎತ್ತಿಕೊಳ್ಳಲು ಹೋದೆ, ನನ್ನ ಕೈಯನ್ನೇ ಕಚ್ಚಿದಳು.

ಮೊದಲು ಆ ಕಚ್ಚಿದ ಮಾತನ್ನು ಹೇಳಿಬಿಡುತ್ತೇನೆ. ನೋವಿನಲ್ಲಿರುವ ಪ್ರಾಣಿ ಸಾಕಿದವರನ್ನೂ ಕಚ್ಚುತ್ತದೆ. ಅದು ಅದರ ತಪ್ಪಲ್ಲ. ಆದರೆ ಅರಿಶಿನ ಹಚ್ಚಿ ಸುಮ್ಮನಾಗಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು ಹಾಕಿಸಿಕೊಳ್ಳಿ. ನಾನು ಹಾಕಿಸಿಕೊಂಡೆ. ಎತ್ತುವಾಗ ದಪ್ಪ ಟವೆಲನ್ನು ಮೇಲೆ ಹೊದಿಸಿ, ಬೆನ್ನು ಬಾಗದಂತೆ ಹಲಗೆಯ ಮೇಲೆ ಸರಿಸಿಕೊಳ್ಳಬೇಕಿತ್ತೆಂಬುದು ಆಮೇಲೆ ತಿಳಿಯಿತು.

ಇನ್ನೊಂದು ದೊಡ್ಡ ತಪ್ಪು ನಮ್ಮ ಮನೆಯಲ್ಲಿ ನಡೆಯುವುದರಲ್ಲಿತ್ತು. ನೋವಿಗೆಂದು ಜ್ವರದ ಮಾತ್ರೆಯನ್ನು ಕಾಲು ಭಾಗ ಮುರಿದು ಹಾಲಿನಲ್ಲಿ ಅರೆಯುತ್ತಿದ್ದೆ. ಹಾಲನ್ನು ಅವಳು ಮೂಸಲಿಲ್ಲ, ಅಲ್ಲಾಹನು ಕಾಪಾಡಿದ. ಚಳ್ಳಕೆರೆಯಲ್ಲಿ ಪಶುವೈದ್ಯರಿಗೆ ಇದನ್ನು ಹೇಳಿದಾಗ ಅವರು ತಲೆಯ ಮೇಲೆ ಕೈಯಿಟ್ಟುಕೊಂಡರು. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ, ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು. ದಯವಿಟ್ಟು ಈ ಒಂದು ಮಾತನ್ನಾದರೂ ನೆನಪಿಡಿ.

ವೈದ್ಯರು ಅವಳ ಹಿಂಗಾಲಿನ ಬೆರಳನ್ನು ಚಿಮಟದಿಂದ ಒತ್ತಿದರು. ಕಾಲು ತಟ್ಟನೆ ಹಿಂದಕ್ಕೆ ಸರಿಯಿತು. ನನಗೆ ಖುಷಿಯಾಯಿತು. “ಅದು ಲೆಕ್ಕಕ್ಕಿಲ್ಲಮ್ಮ. ಕಾಲು ತಾನಾಗಿಯೇ ಎಳೆದುಕೊಳ್ಳುತ್ತದೆ. ನೋವು ತಲೆಗೆ ಮುಟ್ಟಿತೇ ಅನ್ನೋದು ಮುಖ್ಯ. ಮುಖ ನೋಡ್ತಿರಿ” ಎಂದರು. ಬಲಗಾಲು ಒತ್ತಿದಾಗ ಅವಳು ಗೋಡೆಯನ್ನೇ ನೋಡುತ್ತಿದ್ದಳು. ಎಡಗಾಲು ಜೋರಾಗಿ ಒತ್ತಿದಾಗ ಕುತ್ತಿಗೆ ತಿರುಗಿಸಿ ಸಣ್ಣಗೆ ಕೂಗಿದಳು. ಪಾದಗಳು ಬೆಚ್ಚಗಿದ್ದವು. ತಣ್ಣಗಿದ್ದರೆ ರಕ್ತ ಹೆಪ್ಪುಗಟ್ಟಿ ಕಾಲಿಗೆ ರಕ್ತ ಹೋಗದಿರುವ ಹೃದ್ರೋಗವನ್ನೂ ಅನುಮಾನಿಸಬೇಕಾಗುತ್ತದಂತೆ. ಇವಳದು ಬೆನ್ನುಮೂಳೆಯ ಪೆಟ್ಟು. “ಒಂದು ತಿಂಗಳು ಪೆಟ್ಟಿಗೆಯಲ್ಲಿಟ್ಟು ಅಲುಗಾಡಿಸದೆ ನೋಡಿಕೊಳ್ಳಿ. ಆಗದಿದ್ದರೆ ಇಂಜೆಕ್ಷನ್ ಇದೆ” ಎಂದು ಮೆತ್ತಗೆ ಹೇಳಿದರು. ಯಾವ ಇಂಜೆಕ್ಷನ್ ಎಂದು ನಾನು ಕೇಳಲಿಲ್ಲ.

ಕಾಲಿಲ್ಲದ ಬೆಕ್ಕನ್ನು ಸಾಕುವ ಕಷ್ಟ ಕಾಲಿನದೆಂದು ನಾನು ತಿಳಿದಿದ್ದೆ. ಅಲ್ಲ ಸಹೋದರಿಯರೇ, ಕಷ್ಟ ಮೂತ್ರದ್ದು. ಬೆನ್ನುಹುರಿಗೆ ಪೆಟ್ಟಾದರೆ ಮೂತ್ರಚೀಲ ತುಂಬಿದ್ದೂ ತಿಳಿಯುವುದಿಲ್ಲ, ಖಾಲಿ ಮಾಡಲೂ ಬರುವುದಿಲ್ಲ. ತುಂಬಿ ತುಳುಕಿದಾಗ ಹನಿ ಹನಿಯಾಗಿ ಸೋರುತ್ತದೆ. ಸೋರುತ್ತಿದೆಯಲ್ಲ, ಸರಿಯಿದೆ ಎಂದು ನಾವು ಮೋಸ ಹೋಗುತ್ತೇವೆ. ಒಳಗೆ ಮೂತ್ರ ನಿಂತು ಕೊಳೆತು ಕಿಡ್ನಿ ಕೆಡುತ್ತದೆ. ಆದ್ದರಿಂದ ದಿನಕ್ಕೆ ಮೂರು ಸಲ ಕೈಯಿಂದ ಒತ್ತಿ ತೆಗೆಯಬೇಕು. ವೈದ್ಯರು ನನ್ನ ಕೈ ಹಿಡಿದು ಕಲಿಸಿದರು. ಹಿಂಗಾಲುಗಳ ಮುಂದೆ, ಹೊಟ್ಟೆಯ ಕೆಳಭಾಗದಲ್ಲಿ ನಿಂಬೆಹಣ್ಣಿನಂಥ ಉಂಡೆ ಸಿಗುತ್ತದೆ. ಅದನ್ನು ಎರಡೂ ಕಡೆಯಿಂದ ಹಿಡಿದು ಬಾಲದ ಕಡೆಗೆ ನಿಧಾನವಾಗಿ, ಬಿಡದೆ ಒತ್ತಬೇಕು. ಅವಸರಪಟ್ಟು ಹಿಂಡಿದರೆ ಚೀಲ ಒಡೆಯುವ ಅಪಾಯವಿದೆ. ಗಂಡು ಬೆಕ್ಕಾದರೆ ದಾರಿ ಕಿರಿದು, ಇನ್ನೂ ಕಷ್ಟ. ಇದನ್ನು ಓದಿ ಕಲಿಯಲು ಹೋಗಬೇಡಿ, ವೈದ್ಯರ ಎದುರಲ್ಲೇ ಮಾಡಿ ಕಲಿಯಿರಿ. ಮೂತ್ರ ಕೆಂಪಾದರೆ, ಕೊಳೆತ ವಾಸನೆ ಬಂದರೆ ಅಂದೇ ಕರೆದೊಯ್ಯಿರಿ.

ಹೊತ್ತು ನೆನಪಿಟ್ಟುಕೊಳ್ಳಲು ನಾನು ನಮಾಝ್‌ಗೆ ಹೊಂದಿಸಿಕೊಂಡೆ. ಫಜ್ರ್‌ಗೆ ಮುಂಚೆ, ಝುಹರ್‌ಗೆ ಮುಂಚೆ, ಇಶಾಗೆ ಮುಂಚೆ. ಮುಗಿಸಿ ಕೈತೊಳೆದು ಬಟ್ಟೆ ಬದಲಿಸಿ ವುಝೂ ಮಾಡುವುದು.

ಇಲ್ಲೇ ಅತ್ತೆಯವರೊಂದಿಗೆ ತಕರಾರು ಹುಟ್ಟಿದ್ದು. ನಮ್ಮದು ಎರಡು ಕೋಣೆಯ ಮನೆ. ಅತ್ತೆಯವರು ಶುದ್ಧಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಬೆಕ್ಕು ನಜಸ್ ಅಲ್ಲವೆಂದು ಅವರಿಗೂ ಗೊತ್ತು. ಹಝ್ರತ್ ಅಬೂ ಕತಾದ(ರ)ರಿಗೆ ಅವರ ಸೊಸೆ ಕಬ್ಶಾ ವುಝೂಗೆ ನೀರು ಹಾಕುವಾಗ ಬೆಕ್ಕು ಬಂದದ್ದು, ಅವರು ಪಾತ್ರೆಯನ್ನು ಬಾಗಿಸಿ ಅದಕ್ಕೆ ಕುಡಿಸಿದ್ದು, ಸೊಸೆ ಅಚ್ಚರಿಯಿಂದ ನೋಡಿದಾಗ, ಬೆಕ್ಕು ಅಶುದ್ಧವಲ್ಲ, ಅದು ನಿಮ್ಮ ನಡುವೆ ಓಡಾಡಿಕೊಂಡಿರುವವುಗಳಲ್ಲಿ ಒಂದು ಎಂಬ ಅರ್ಥದ ಪ್ರವಾದಿ(ಸ)ರ ಮಾತನ್ನು ತಿಳಿಸಿದ್ದು, ಇದನ್ನೆಲ್ಲ ನನಗೆ ಹೇಳಿದವರೇ ಅತ್ತೆಯವರು. ಅಬೂದಾವೂದ್, ತಿರ್ಮಿದಿ ಹದೀಸ್ ಗ್ರಂಥಗಳಲ್ಲಿ ಈ ಪ್ರಸಂಗವಿದೆ. “ಆದರೆ ಬಹೂ, ಅದು ಬಾಯಿ ಹಾಕಿದ ನೀರಿನ ಮಾತು. ಮೂತ್ರ ಮೂತ್ರವೇ. ನೀನು ಜಾನಮಾಝ್ ಹಾಸೋ ಜಾಗದಲ್ಲಿ ಇದು ತೆವಳುತ್ತೆ” ಎಂದರು. ಅವರ ಮಾತು ತಪ್ಪಲ್ಲ. ಒಳಕೋಣೆಯನ್ನು ನಮಾಝ್‌ಗೇ ಬಿಟ್ಟು ಹೊಸ್ತಿಲಿಗೆ ಹಲಗೆ ಅಡ್ಡ ಕಟ್ಟಿದೆ. ನಮಾಝ್‌ನ ಬಟ್ಟೆಯನ್ನು ಬೇರೆ ಗೂಟಕ್ಕೆ ಹಾಕಿದೆ.

ಹಾಸಿಗೆಯ ವಿಷಯದಲ್ಲೂ ಪೆಟ್ಟು ತಿಂದೆ. ನಮ್ಮ ಚಳ್ಳಕೆರೆ ಸೀಮೆ ಕಂಬಳಿಗೆ ಹೆಸರುವಾಸಿ. ಬೆಚ್ಚಗಿರಲೆಂದು ಹಳೆಯ ಕಂಬಳಿ ಹಾಸಿದೆ. ಮೂರೇ ದಿನಕ್ಕೆ ಮನೆ ನಾರತೊಡಗಿತು, ಕಂಬಳಿ ಬಿಸಾಡಬೇಕಾಯಿತು. ಆಮೇಲೆ ಗೊಬ್ಬರದ ಪ್ಲಾಸ್ಟಿಕ್ ಚೀಲವನ್ನು ಚೆನ್ನಾಗಿ ತೊಳೆದು ಕೆಳಗೆ ಹಾಸಿ, ಮೇಲೆ ಹೊಲಿಗೆಯಲ್ಲಿ ಉಳಿದ ಹತ್ತಿಬಟ್ಟೆಯ ಚೂರುಗಳನ್ನು ನಾಲ್ಕು ಪದರ ಹಾಕಿದೆ. ಫಿನಾಯಿಲ್‌ನಲ್ಲಿ ಒರೆಸಬೇಡಿ, ಅದು ಪಾದಕ್ಕೆ ಅಂಟಿ ಬೆಕ್ಕು ನೆಕ್ಕಿದರೆ ವಿಷವಾಗುತ್ತದೆ. ಸೋಪು ನೀರು, ಬಿಸಿಲು ಸಾಕು. ನಮ್ಮ ನನ್ನಿವಾಳದಲ್ಲಿ ಬಿಸಿಲಿಗೇನು ಬರ!

ಎದುರು ಮನೆಯ ಅಜ್ಜಿ ಒಂದು ದಿನ ಬಂದು ಪೆಟ್ಟಿಗೆಗೆ ಇಣುಕಿದರು. ಹೊರಗಿನ ಓದುಗರಿಗೆ ಒಂದು ಮಾತು. ನಮ್ಮೂರು ಮ್ಯಾಸನಾಯಕರ ಕಟ್ಟೆಮನೆಯಿರುವ ಊರು. ಅವರಲ್ಲಿ ದೇವರ ಎತ್ತುಗಳೆಂದು ಇವೆ. ಅವನ್ನು ನೇಗಿಲಿಗೆ ಕಟ್ಟುವುದಿಲ್ಲ, ಮಾರುವುದಿಲ್ಲ. ಮೇಯಿಸಲು ಕಿಲಾರಿಗಳಿದ್ದಾರೆ. ಸತ್ತರೆ ಮನುಷ್ಯರಂತೆ ಮಣ್ಣು ಮಾಡುತ್ತಾರೆ. ಮಳೆ ಕೈಕೊಟ್ಟ ವರ್ಷ ತಮ್ಮ ಹೊಟ್ಟೆಗಿಂತ ಅವುಗಳ ಮೇವಿನ ಚಿಂತೆ ಅವರಿಗೆ ದೊಡ್ಡದು. ಅವರ ನಂಬಿಕೆ ಬೇರೆ, ನಮ್ಮದು ಬೇರೆ. ಆದರೆ ಎದ್ದೇಳದ ಪ್ರಾಣಿಯನ್ನು ನೋಡಿಕೊಳ್ಳುವ ವಿದ್ಯೆ ಆ ಅಜ್ಜಿಗೆ ತಿಳಿದಷ್ಟು ನನಗೆ ಯಾರೂ ಹೇಳಿರಲಿಲ್ಲ. “ಬೂಬಮ್ಮ, ಒಂದೇ ಮಗ್ಗುಲಿಗೆ ಬಿಟ್ಟೀಯಲ್ಲ, ಹುಣ್ಣಾಗ್ತತಿ. ಬಿದ್ದ ಎತ್ತಿಗೆ ನಾವು ಹೊತ್ತೊತ್ತಿಗೆ ಮಗ್ಗುಲ ಹೊಳ್ಳಿಸ್ತಿದ್ವಿ. ನೊಣ ಕುಂತ್ರೆ ಮುಗೀತು, ಹುಳ ಬೀಳ್ತಾವೆ” ಎಂದರು. ಬಾಲವೆತ್ತಿ ನೋಡಿದರೆ ತೊಡೆಯ ಸಂದಿ ಆಗಲೇ ಮೂತ್ರದಿಂದ ಬೆಂದು ಕೆಂಪಾಗಿತ್ತು. ಅಂದಿನಿಂದ ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಿದೆ. ಅಲ್ಲಿನ ಕೂದಲು ಕತ್ತರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಒರೆಸಿ, ವ್ಯಾಸಲಿನ್ ತೆಳ್ಳಗೆ ಹಚ್ಚಿದೆ. ಪೆಟ್ಟಿಗೆಗೆ ಸೊಳ್ಳೆಪರದೆ ಮುಚ್ಚಿದೆ.

ಉಪವಾಸದಲ್ಲಿ ಈ ಕೆಲಸ ಸುಲಭವಲ್ಲ. ಈದ್ ಹತ್ತಿರ ಬಂದಂತೆ ಹೊಲಿಯಲು ಬಟ್ಟೆ ರಾಶಿ ಬಿತ್ತು. ಮೂರು ವಾರವಾದರೂ ಮುನ್ನಿ ಎದ್ದು ನಿಲ್ಲಲಿಲ್ಲ. “ಕಾವಲಿಗೆ ಬಿಟ್ಟು ಬನ್ನಿ” ಎಂದು ಬಂದವರೆಲ್ಲ ಹೇಳುತ್ತಿದ್ದರು. ಎದ್ದು ಓಡಲಾರದ ಬೆಕ್ಕನ್ನು ಬಯಲಿಗೆ ಬಿಡುವುದೆಂದರೆ ನಾಯಿಗಳಿಗೆ ಹಾಕುವುದೆಂದೇ ಅರ್ಥ. ಅದಾಗದು. ಆದರೆ ಒಂದು ಮಧ್ಯಾಹ್ನ, ಗಿರಾಕಿಯ ಹೊಸ ಕುರ್ತಾಕ್ಕೆ ನನ್ನ ಕೈಯಿಂದಲೇ ಮೂತ್ರದ ಕಲೆ ತಗಲಿದಾಗ ನಾನು ಅತ್ತುಬಿಟ್ಟೆ. “ನಾಳೆ ಇಂಜೆಕ್ಷನ್ ಹಾಕಿಸಿಬಿಡೋಣ, ಪಾಪ, ಅದಕ್ಕೂ ನೋವು” ಎಂದೆ.

ಇದುವರೆಗೆ ಬೆಕ್ಕಿನ ಬಗ್ಗೆ ಗೊಣಗುತ್ತಲೇ ಇದ್ದ ಅತ್ತೆಯವರು ತಸ್ಬೀಹ್ ಕೆಳಗಿಟ್ಟರು. “ಅದಕ್ಕೆ ನೋವಾಗ್ತಿದೆಯೋ, ನಿನಗೆ ಸಾಕಾಗಿದೆಯೋ? ಮೊದಲು ಅದನ್ನು ಹೇಳು.”

ನನಗೆ ಉತ್ತರ ಬರಲಿಲ್ಲ. ಏಕೆಂದರೆ ಮುನ್ನಿ ಅಂದು ಬೆಳಿಗ್ಗೆ ಕೋಳಿಯ ಈಲಿ ತಿಂದು, ಮುಖ ತೊಳೆದುಕೊಂಡು, ನನ್ನ ದಾರದ ಉಂಡೆಯನ್ನು ಮುಂಗಾಲಿನಿಂದ ಹೊಡೆದು ಆಡಿದ್ದಳು. ನೋವಿದ್ದ ಪ್ರಾಣಿ ಸಾಮಾನ್ಯವಾಗಿ ಮುಖ ತೊಳೆದುಕೊಳ್ಳುವುದಿಲ್ಲ, ಸರಿಯಾಗಿ ಉಣ್ಣುವುದಿಲ್ಲ, ಮೂಲೆ ಸೇರುತ್ತದೆ. ಸಾಕಾಗಿದ್ದದ್ದು ನನಗೇ. ನನ್ನ ದಣಿವಿಗೆ ಅವಳ ನೋವೆಂದು ಹೆಸರಿಟ್ಟಿದ್ದೆ.

ಬೆಕ್ಕನ್ನು ಕಟ್ಟಿಹಾಕಿ ತಿನ್ನಲೂ ಕೊಡದೆ, ತಾನೇ ಹುಡುಕಿ ತಿನ್ನಲೂ ಬಿಡದೆ ಕೊಂದ ಹೆಂಗಸು ನರಕಕ್ಕೆ ಹೋದ ಹದೀಸನ್ನು ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ. ಅಂದು ರಾತ್ರಿ ಅದು ನನ್ನನ್ನು ಮಲಗಗೊಡಲಿಲ್ಲ. ಮುನ್ನಿಯನ್ನು ನಾನು ಕಟ್ಟಿಲ್ಲ, ನಿಜ. ಆದರೆ ಕಟ್ಟಿದಂತೆಯೇ ಬಿದ್ದಿದ್ದಾಳಲ್ಲ! ಹುಡುಕಿ ತಿನ್ನುವ ದಾರಿ ಅವಳಿಗಿಲ್ಲ. ನೋವು ತಡೆಯಲಾರದಷ್ಟಾಗಿ ಔಷಧಿಗೂ ಬಗ್ಗದಿದ್ದರೆ ಏನೆಂಬ ಪ್ರಶ್ನೆ ಬೇರೆ. ಅದರಲ್ಲಿ ಉಲಮಾಗಳ ಅಭಿಪ್ರಾಯಗಳು ಬೇರೆ ಬೇರೆ ಇವೆ, ಅಂಥ ಸಂದರ್ಭ ಬಂದವರು ವೈದ್ಯರನ್ನೂ ಬಲ್ಲವರನ್ನೂ ಕೇಳಬೇಕು. ನಮ್ಮ ಮುಂದೆ ಆ ಪ್ರಶ್ನೆ ಇರಲೇ ಇಲ್ಲ.

ಮರುದಿನದಿಂದ ಮಧ್ಯಾಹ್ನದ ಪಾಳಿ ಅತ್ತೆಯವರದು. ಮೂತ್ರ ಒತ್ತಲು ಅವರ ಬೆರಳುಗಳಿಗೆ ಬಲ ಸಾಲದು, ಅದು ನನ್ನದೇ. ತೊಳೆಯುವುದು, ಒರೆಸುವುದು, ಉಣಿಸುವುದು ಅವರದು. ಮೂಗಿಗೆ ಸೆರಗು ಕಟ್ಟಿಕೊಂಡೇ ಮಾಡುತ್ತಾರೆ, ಬೈಯುತ್ತಲೇ ಮಾಡುತ್ತಾರೆ.

ಊಟದ ಬಗ್ಗೆ ಎರಡು ಮಾತು. ಹಾಲು ಅನ್ನದಲ್ಲಿ ಬೆಕ್ಕು ಬಾಳುವುದಿಲ್ಲ, ಅದಕ್ಕೆ ಮಾಂಸ ಬೇಕೇಬೇಕು. ಕೋಳಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ತುಣುಕುಗಳನ್ನು ಉಪ್ಪಿಲ್ಲದೆ ಬೇಯಿಸಿ, ಎಲುಬು ತೆಗೆದು ಕೊಡುತ್ತೇವೆ. ಸಾಲನ್ ಕಲಸಿ ಹಾಕಬೇಡಿ, ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ರಕ್ತವನ್ನು ಕೆಡಿಸುತ್ತವೆ. ಮಲಬದ್ಧತೆಯಾದಾಗ ಬೇಯಿಸಿದ ಸಿಹಿಕುಂಬಳವನ್ನು ಒಂದು ಚಮಚ ಬೆರೆಸಿದೆವು.

ಎರಡು ತಿಂಗಳಲ್ಲಿ ಎಡಗಾಲು ನೆಲ ಒದೆಯತೊಡಗಿತು. ಬಲಗಾಲು ಇಂದಿಗೂ ಎಳೆದುಕೊಂಡೇ ಬರುತ್ತದೆ, ಉಜ್ಜಿ ಗಾಯವಾಗದಂತೆ ಹಳೆಯ ಕಾಲುಚೀಲದ ತುದಿ ಹಾಕಿದ್ದೇವೆ. ಮಗ ಆಟಿಕೆ ಕಾರಿನ ಚಕ್ರಗಳಿಂದ ಗಾಡಿ ಮಾಡಿಕೊಟ್ಟ. ಅದನ್ನು ಕಟ್ಟಿದ ಕೂಡಲೇ ಮುನ್ನಿ ಕಲ್ಲಿನಂತೆ ಕುಳಿತಳು. ಈಗ ಆ ಗಾಡಿಯಲ್ಲಿ ಅತ್ತೆಯವರ ಎಲೆ ಅಡಿಕೆ ಡಬ್ಬಿ ಮನೆಯೆಲ್ಲ ಓಡಾಡುತ್ತದೆ. ಮೂತ್ರ ಮಾತ್ರ ತಾನಾಗಿ ಬರಲೇ ಇಲ್ಲ. ಮದುವೆ ಮುಂಜಿಗೆಂದು ನಾನು ಊರು ಬಿಟ್ಟು ಒಂದು ರಾತ್ರಿ ಕಳೆದದ್ದಿಲ್ಲ. ತವರಿನವರಿಗೆ ಈ ಬೇಸರ ಇನ್ನೂ ಇದೆ.

ಹೊಸ್ತಿಲಿಗೆ ಕಟ್ಟಿದ ಹಲಗೆಯ ಈಚೆ ಕುಳಿತು ಅವಳು ನನ್ನನ್ನೇ ನೋಡುತ್ತಿದ್ದಾಳೆ. ಝುಹರ್‌ಗೆ ಇನ್ನು ಹತ್ತು ನಿಮಿಷವಿದೆ. “ಬಹೂ, ಬರೆದದ್ದು ಸಾಕು, ಅದರ ಹೊಟ್ಟೆ ಉಬ್ಬಿದೆ ನೋಡು” ಎಂದು ಅತ್ತೆಯವರು ಒಳಗಿನಿಂದ ಕೂಗುತ್ತಿದ್ದಾರೆ.