ಕಾವು ದಾಟಬೇಕು, ನೀರು ದಾಟಬಾರದು

ಫ್ಯೂಯೆಲ್ ಸೆಲ್ ಅಂದ ತಕ್ಷಣ ಎಲ್ಲರೂ ಹೇಳೋದು ಒಂದೇ ಮಾತು: ಹೊಗೆ ಇಲ್ಲ, ಸದ್ದಿಲ್ಲ, ಹೊರಗೆ ಬರೋದು ಬರೀ ನೀರು. ಅದು ನಿಜ. ಆದರೆ ನೀರಿನ ಜೊತೆ ಕಾವೂ ಬರುತ್ತೆ, ಅದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡಲ್ಲ. ಒಂದು ಕೆಜಿ ಹೈಡ್ರೋಜನ್‌ನಲ್ಲಿ ಸುಮಾರು 33 ಯೂನಿಟ್ ಶಕ್ತಿ ಇರುತ್ತೆ. ಒಳ್ಳೆಯ ಸೆಲ್ ಅದರಲ್ಲಿ ಹೆಚ್ಚುಕಮ್ಮಿ ಅರ್ಧವನ್ನು ಕರೆಂಟ್ ಮಾಡುತ್ತೆ, ಉಳಿದದ್ದು ಕಾವಾಗಿ ಹೋಗುತ್ತೆ. ಅಂದರೆ 10 ಕಿಲೋವ್ಯಾಟ್ ಕರೆಂಟ್ ಕೊಡುವ ಸೆಲ್, ಸುಮಾರು 10 ಕಿಲೋವ್ಯಾಟ್‌ನ ಒಲೆಯೂ ಹೌದು.

ನಮ್ಮ ಪ್ರಾಜೆಕ್ಟ್ ತಂಡದಲ್ಲಿ ಸೀನಿಯರ್‌ಗಳು ನನಗೆ ಕೊಟ್ಟದ್ದು ಈ ಕಾವನ್ನು ಹೊರಗೆ ಸಾಗಿಸುವ ಹೀಟ್ ಎಕ್ಸ್‌ಚೇಂಜರ್‌ನ ಲೆಕ್ಕ. ಹೀಟ್ ಟ್ರಾನ್ಸ್‌ಫರ್ ಪಾಠ ನಮಗೆ ಇರೋದು ಮುಂದಿನ ವರ್ಷ. ಹಾಗಾಗಿ ಪುಸ್ತಕದ ಜೊತೆಗೆ ನಮ್ಮೂರನ್ನೂ ಓದಬೇಕಾಯಿತು.

ನಮ್ಮ ಮನೆ ನಂಜನಗೂಡು, ಮಾವನ ಊರು ಟಿ. ನರಸೀಪುರದ ಕಡೆ. ನಂಜನಗೂಡು ದಾಟಿ ಹರಿಯುವ ಕಪಿಲೆ ನರಸೀಪುರದಲ್ಲಿ ಕಾವೇರಿಗೆ ಸೇರುತ್ತಾಳೆ. ಸೇರಿದ ಮೇಲೆ ಯಾವ ನೀರು ಯಾರದು ಅಂತ ಹೇಳೋಕಾಗಲ್ಲ. ಹೀಟ್ ಎಕ್ಸ್‌ಚೇಂಜರ್ ಇದಕ್ಕೆ ಪೂರಾ ಉಲ್ಟಾ. ಎರಡು ಹರಿವು ಪಕ್ಕಪಕ್ಕದಲ್ಲೇ ಹೋಗುತ್ತವೆ, ನಡುವೆ ತೆಳ್ಳನೆ ಲೋಹದ ಗೋಡೆ. ಕಾವು ಮಾತ್ರ ದಾಟಬೇಕು, ನೀರು ದಾಟಬಾರದು. ಎರಡೂ ಎದುರುಬದುರಾಗಿ ಹರಿದರೆ ಇನ್ನೂ ಒಳ್ಳೆಯದು, ಆಗ ಗೋಡೆಯ ಉದ್ದಕ್ಕೂ ಬಿಸಿಯ ವ್ಯತ್ಯಾಸ ಉಳಿದುಕೊಳ್ಳುತ್ತೆ. ಆ ವ್ಯತ್ಯಾಸವೇ ಕಾವನ್ನು ತಳ್ಳೋದು.

ಕಷ್ಟ ಇರೋದೂ ಅಲ್ಲೇ. ಪೆಟ್ರೋಲ್ ಎಂಜಿನ್ನಿನ ಕೂಲಂಟ್ 90 ಡಿಗ್ರಿ ದಾಟಿರುತ್ತೆ, ಜೊತೆಗೆ ಕಾವಿನ ದೊಡ್ಡ ಪಾಲು ಸೈಲೆನ್ಸರ್ ಮೂಲಕವೇ ಹೋಗಿಬಿಡುತ್ತೆ. ನಾವು ತೆಗೆದುಕೊಂಡ ಪಿಇಎಂ ಮಾದರಿಯ ಸೆಲ್ ಕೆಲಸ ಮಾಡೋದು 60ರಿಂದ 80 ಡಿಗ್ರಿಯಲ್ಲಿ. ಅದರ ಕಾವಿನ ಹೆಚ್ಚು ಪಾಲನ್ನು ಕೂಲಂಟೇ ಹೊರಬೇಕು. ನಾನು ಹಿಡಿದ ಲೆಕ್ಕ ಹೀಗೆ: ಕೂಲಂಟ್ 65 ಡಿಗ್ರಿಯಲ್ಲಿ ರೇಡಿಯೇಟರ್‌ಗೆ ಬಂದು 57ಕ್ಕೆ ಇಳಿಯಬೇಕು, ಗಾಳಿ 10 ಡಿಗ್ರಿ ಬಿಸಿಯಾಗಿ ಹೊರಗೆ ಹೋಗಬೇಕು. ಹೊರಗಿನ ಗಾಳಿ 25 ಡಿಗ್ರಿ ಇದ್ದರೆ ಸರಾಸರಿ ವ್ಯತ್ಯಾಸ ಸುಮಾರು 31 ಡಿಗ್ರಿ. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನ 38 ಅಂತ ಇಟ್ಟುಕೊಂಡರೆ ಅದು 18ಕ್ಕೆ ಇಳಿಯುತ್ತೆ. ಅಷ್ಟೇ ಕಾವು ದಾಟಬೇಕು ಅಂದರೆ ರೇಡಿಯೇಟರ್ ಒಂದೂಮುಕ್ಕಾಲು ಪಟ್ಟು ದೊಡ್ಡದಾಗಬೇಕು. ಪುಸ್ತಕದ ಉದಾಹರಣೆಗಳಲ್ಲಿ ಯಾವಾಗಲೂ 25 ಡಿಗ್ರಿ. ಆ ಪುಸ್ತಕದ ಊರು ಎಲ್ಲಿದೆಯೋ ಗೊತ್ತಿಲ್ಲ, ನಂಜನಗೂಡಂತೂ ಅಲ್ಲ.

ಇನ್ನೊಂದು ಸಂಗತಿ ನೀರಿನದು. ಮನೆಯ ಬೋರ್‌ವೆಲ್ ನೀರು ಕಾಯಿಸೀ ಕಾಯಿಸೀ ಹಂಡೆ ಒಳಗೆ ಬಿಳೀ ಪೊರೆ ಕಟ್ಟುತ್ತೆ. ಆ ಪೊರೆ ಕಂಬಳಿ ಇದ್ದ ಹಾಗೆ, ಕಾವನ್ನು ತಡೆಯುತ್ತೆ. ಫ್ಯೂಯೆಲ್ ಸೆಲ್‌ನಲ್ಲಿ ಇದರ ಜೊತೆ ಕರೆಂಟಿನ ಭಯವೂ ಇದೆ. ಕೂಲಂಟ್ ಹರಿಯೋದು ಕರೆಂಟ್ ಇರುವ ತಟ್ಟೆಗಳ ನಡುವೆಯೇ, ನೀರಿನಲ್ಲಿ ಲವಣ ಇದ್ದರೆ ಕರೆಂಟ್ ಅದರಲ್ಲೇ ಸೋರುತ್ತೆ. ಅದಕ್ಕೆ ಲವಣ ತೆಗೆದ ನೀರನ್ನೇ ಹಾಕಬೇಕು. ಆ ಶುದ್ಧ ನೀರೋ ಮುಟ್ಟಿದ ಲೋಹದಿಂದೆಲ್ಲ ಸ್ವಲ್ಪ ಸ್ವಲ್ಪ ಅಯಾನು ಎಳೆದುಕೊಳ್ಳುತ್ತೆ. ಕಾವು ದಾಟಿಸೋದರಲ್ಲಿ ತಾಮ್ರ ಬಹಳ ಮುಂದು, ಆದರೂ ಇಲ್ಲಿ ಅದನ್ನು ದೂರ ಇಡೋದು ಇದೇ ಕಾರಣಕ್ಕೆ. ಸ್ಟೇನ್‌ಲೆಸ್ ಸ್ಟೀಲ್ ಬಳಸಿ, ದಾರಿಯಲ್ಲಿ ಅಯಾನು ಹಿಡಿಯುವ ಒಂದು ರೆಸಿನ್ ಫಿಲ್ಟರ್ ಕೂರಿಸಿದೆವು.

ಇದನ್ನೆಲ್ಲ ಮಾವನಿಗೆ ಹೇಳುವಾಗ ನನಗೆ ಮೊದಲು ಸಿಕ್ಕಿದ್ದು ಇಂಗ್ಲಿಷ್ ಪದಗಳೇ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಮಾವ ಆಲೆಮನೆ ನಡೆಸುವವರು. "ಹೀಟು, ಟೆಂಪರೇಚರು ಬುಡು. ಕಾವು ಅಂದ್ರೆ ಒಲೆ ಕೊಡೋದು, ಬಿಸಿ ಅಂದ್ರೆ ಹಾಲಿಗೆ ಆಗೋದು" ಅಂದರು. ಮೊದಲ ವರ್ಷದಲ್ಲಿ ಒಂದು ತಿಂಗಳು ಕಲಿತ ವ್ಯತ್ಯಾಸ ಅದು. ಹಾಲು ಅಂದರೆ ಅವರಿಗೆ ಕಬ್ಬಿನ ಹಾಲು. ಆಮೇಲೆ ಕೇಳಿದರು: "ಅಲ್ಲ ಅಳಿಯ, ಅಷ್ಟು ಕಾವು ಬರ್ತದೆ ಅಂತೀಯ. ಅದನ್ನ ಸುಮ್ಮನೆ ಗಾಳಿಗೆ ಬುಟ್ಬುಡ್ತೀರಾ?"

ಆ ಪ್ರಶ್ನೆ ನನ್ನ ತಲೆಯಲ್ಲೇ ಉಳೀತು. ಅದರ ಹಿಂದೆ ಮಾವನ ಕಷ್ಟ ಇದೆ. ಕಬ್ಬಿನ ಸಿಪ್ಪೆಯೇ ಅವರ ಒಲೆಗೆ ಉರುವಲು. ಮಳೆಗೆ ಸಿಪ್ಪೆ ನೆನೆದರೆ ಸೌದೆ ಕೊಳ್ಳಬೇಕು. "ಸೌದೆ ಕೊಂಡು ಬೆಲ್ಲ ಮಾಡಿದ್ರೆ ಬೆಲ್ಲಾನೇ ಕೊಂಡಂಗೆ" ಅಂತಾರೆ. ಇನ್ನೆರಡು ವರ್ಷ ನೋಡಿ ಆಲೆಮನೆ ಮುಚ್ಚೋ ಮಾತು ಮನೆಯಲ್ಲಿ ನಡೀತಿದೆ.

ಕಾವನ್ನು ಗಾಳಿಗೆ ಬಿಡಲೇಬೇಕು ಅಂತೇನಿಲ್ಲ. ಜಪಾನಿನಲ್ಲಿ 2009ರಿಂದ ಎನೆ-ಫಾರ್ಮ್ ಅನ್ನುವ ಮನೆ ಬಳಕೆಯ ಫ್ಯೂಯೆಲ್ ಸೆಲ್ ಮಾರುತ್ತಿದ್ದಾರೆ, ಅದು ಕರೆಂಟ್ ಕೊಡುತ್ತಲೇ ಸ್ನಾನದ ನೀರನ್ನೂ ಕಾಯಿಸುತ್ತೆ. ನಂಜನಗೂಡು ತಾಲ್ಲೂಕಿನ ಅಳಗಂಚಿಯ ಸಕ್ಕರೆ ಕಾರ್ಖಾನೆ ಸಿಪ್ಪೆ ಉರಿಸಿ ಕರೆಂಟನ್ನೂ ಮಾಡುತ್ತೆ. ಹಾಗಾದರೆ ಆಲೆಮನೆಗೆ? ಕೂತು ಲೆಕ್ಕ ಹಾಕಿದೆ. 10 ಕಿಲೋವ್ಯಾಟ್ ಕರೆಂಟ್ ಅಂದರೆ ಸುಮಾರು 13 ಎಚ್‌ಪಿ, ಸಣ್ಣ ಗಾಣಕ್ಕೆ ಸಾಕು. ಜೊತೆಗೆ ಬರುವ 10 ಕಿಲೋವ್ಯಾಟ್ ಕಾವು, ಗಂಟೆಗೆ ಸುಮಾರು 300 ಕೆಜಿ ಕಬ್ಬಿನ ಹಾಲನ್ನು 25 ಡಿಗ್ರಿಯಿಂದ 55ಕ್ಕೆ ಏರಿಸುತ್ತೆ. ಆದರೆ ಬೆಲ್ಲದ ಒಲೆಯಲ್ಲಿ ಕಾವು ಬೇಕಾಗೋದು ಹೆಚ್ಚಾಗಿ ಹಾಲಿನ ನೀರನ್ನು ಆವಿ ಮಾಡೋಕೆ, ಬಿಸಿ ಏರಿಸೋಕಲ್ಲ. ಹಾಗಾಗಿ ಒಟ್ಟಾರೆ ಉಳಿತಾಯ ನೂರಕ್ಕೆ ಆರರಷ್ಟು ಮಾತ್ರ.

ಹೈಡ್ರೋಜನ್ ಎಲ್ಲಿಂದ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎಸ್. ದಾಸಪ್ಪ ಅವರ ತಂಡ ಒಂದು ಕೆಜಿ ಜೀವರಾಶಿಯಿಂದ 100 ಗ್ರಾಂ ಹೈಡ್ರೋಜನ್ ತೆಗೆಯುವ ವಿಧಾನವನ್ನು 2022ರಲ್ಲಿ ತಿಳಿಸಿತು. ಜೀವರಾಶಿಯಲ್ಲಿ ಇರೋದೇ 60 ಗ್ರಾಂ, ಉಳಿದದ್ದು ಅದಕ್ಕೆ ಕೊಡುವ ಹಬೆಯಿಂದ ಬರುತ್ತೆ. ಸಿಪ್ಪೆ ಒಣಹುಲ್ಲು ತೆಂಗಿನಗರಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ ಅಂತ ನಾನು ಖುಷಿಯಾದೆ. ಮಾವ ಒಂದೇ ಮಾತಲ್ಲಿ ನಿಲ್ಲಿಸಿದರು: "ಸಿಪ್ಪೆ ನನ್ನೊಲೆಗೇ ಸಾಲ್ದಲ್ಲಪ್ಪ."

ಅವರ ಮಾತೇ ಸರಿಯಾದ ಎಂಜಿನಿಯರಿಂಗ್. ಅವರ ಒಲೆಯ ಚಿಮಣಿಯಿಂದ ಹೋಗುವ ಹೊಗೆ ನಮ್ಮ ಸೆಲ್‌ನ ಕೂಲಂಟಿಗಿಂತ ಎಷ್ಟೋ ಪಟ್ಟು ಬಿಸಿ. ವ್ಯತ್ಯಾಸ ದೊಡ್ಡದಿದ್ದಷ್ಟೂ ಗೋಡೆ ಚಿಕ್ಕದಾದರೆ ಸಾಕು. ಚಿಮಣಿ ದಾರಿಯಲ್ಲಿ ಎರಡನೇ ಕೊಪ್ಪರಿಗೆ ಕೂರಿಸಿ ಹಾಲನ್ನು ಮೊದಲೇ ಬಿಸಿ ಮಾಡಿಕೊಂಡರೆ ಸಿಪ್ಪೆ ಉಳಿಯುತ್ತೆ. ಹೈಡ್ರೋಜನ್ ಮಾತು ಸಿಪ್ಪೆ ಉಳಿದ ಮೇಲೆ.

ಹಾಗಾಗಿ ನನ್ನ ನೋಟ್‌ಬುಕ್ಕಿನಲ್ಲಿ ಈಗ ಎರಡು ಚಿತ್ರ ಇವೆ. ಒಂದು ಕಾಲೇಜಿನದು, 38 ಡಿಗ್ರಿ ಗಾಳಿಗೆ ಲೆಕ್ಕ ಹಾಕಿದ ರೇಡಿಯೇಟರ್. ಇನ್ನೊಂದು ಮಾವನದು, ಎರಡು ಕೊಪ್ಪರಿಗೆ, ಒಂದು ಚಿಮಣಿ. ಸೂತ್ರ ಎರಡಕ್ಕೂ ಒಂದೇ. ಎರಡನೆಯದಕ್ಕೆ ಇಟ್ಟಿಗೆ ಎಷ್ಟು ಬೇಕು ಅಂತ ಮಾವ ಆಗಲೇ ಎಣಿಸೋಕೆ ಶುರು ಮಾಡಿದ್ದಾರೆ.