ಗುಬ್ಬಕ್ಕನ ಮನೆ ಮೇಣದ್ದೋ, ಕಲ್ಲಿಂದೋ?

ಧಾರವಾಡದ ಮನೆಗೆ ಬೀಗ ಹಾಕಿ ನಾಸಿಕದಲ್ಲಿರುವ ಮಗನ ಹತ್ತಿರ ಬಂದು ಆರು ವರ್ಷವಾಯಿತು. ಸೊಸೆ ಇಲ್ಲಿಯವಳೇ, ಮರಾಠಿ ಮನೆಮಾತು. ಮನೆಯಲ್ಲಿ ಕನ್ನಡ ಆಡುವವರು ನಾನು ಮತ್ತು ಮಗ, ಅವನೋ ಆಫೀಸು ಮುಗಿಸಿ ಬರುವುದೇ ರಾತ್ರಿ ಎಂಟಕ್ಕೆ. ನಾಲ್ಕು ವರ್ಷದ ಮೊಮ್ಮಗಳು ಮೊದಮೊದಲು ನನ್ನ ಕನ್ನಡಕ್ಕೆ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದಳು. ಬರಬರುತ್ತ ಅದೂ ನಿಂತಿತು. ನಾನು ಬಾಯಿ ತೆಗೆದರೆ ಅವಳ ಕೈ ಮೊಬೈಲಿನ ಕಡೆ ಹೋಗುತ್ತಿತ್ತು.

ಒಂದು ರಾತ್ರಿ ಊಟಕ್ಕೆ ಕೂತಾಗ ಮಗನ ಮುಂದೆ ಗೊಣಗಿದೆ: "ಕೂಸಿಗೆ ಕನ್ನಡ ಒಂದಕ್ಷರ ಕಲಸ್ಲಿಲ್ಲಲ್ಲೋ." ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. "ಅಪ್ಪಾ, ನೀವು ನನಗ ಒಂದರ ಕತಿ ಹೇಳೀರೇನು? ಹೇಳ್ತಿದ್ದಾಕಿ ಅವ್ವ. ಈಗ ಅಕಿ ಇಲ್ಲ" ಅಂದ.

ಲೆಕ್ಕ ಸರಿಯಾಗಿಯೇ ಇತ್ತು. ತೊಂಬತ್ತರ ದಶಕದಲ್ಲಿ ನನಗೆ ಔರಂಗಾಬಾದಿಗೆ ವರ್ಗವಾಗಿತ್ತು. 2023ರಲ್ಲಿ ಆ ಊರಿನ ಹೆಸರು ಛತ್ರಪತಿ ಸಂಭಾಜಿನಗರ ಆಯಿತು. ಮಾರ್ಚ್, ಸೆಪ್ಟೆಂಬರ್ ಕ್ಲೋಸಿಂಗ್ ಬಂತೆಂದರೆ ಹತ್ತು ರೂಪಾಯಿ ವ್ಯತ್ಯಾಸಕ್ಕೆ ರಾತ್ರಿ ಹನ್ನೊಂದರವರೆಗೆ ಲೆಡ್ಜರ್ ತಿರುವಿದ್ದೇನೆ. ಮನೆಗೆ ಹೋಗುವ ಹೊತ್ತಿಗೆ ಮಗ ನಿದ್ದೆ ಹೋಗಿರುತ್ತಿದ್ದ.

ದಾರಿ ತೋರಿಸಿದವಳು ಸೊಸೆ. ನಮ್ಮ ಕಾಲೊನಿಯ ವಾಚನಾಲಯದಲ್ಲಿ ಭಾನುವಾರ ಮಕ್ಕಳಿಗೆ ಕತೆ ಹೇಳುತ್ತಾರೆ, ಕರೆದುಕೊಂಡು ಹೋಗಿ ಬನ್ನಿ ಎಂದಳು. ನಾಸಿಕಕ್ಕೆ ಇದು ಹೊಸದಲ್ಲ. ಇಲ್ಲಿಯ ಸಾರ್ವಜನಿಕ ವಾಚನಾಲಯ 1840ರಷ್ಟು ಹಳೆಯದು. ಸಾನೆ ಗುರೂಜಿ 'ಶ್ಯಾಮಚಿ ಆಯಿ' ಬರೆದದ್ದು 1933ರಲ್ಲಿ, ಇದೇ ಊರಿನ ಸೆರೆಮನೆಯಲ್ಲಿ. ಮಗನೊಬ್ಬ ತಾಯಿಯನ್ನು ನೆನೆದು ರಾತ್ರಿಗೊಂದರಂತೆ ಹೇಳುವ ಕತೆಗಳ ಪುಸ್ತಕ ಅದು. ಮುಂದೆ ಅವರ ಹೆಸರಿನಲ್ಲಿ ಹುಟ್ಟಿದ ಕಥಾಮಾಲೆ, ಮಕ್ಕಳಿಗೆ ಕತೆ ಹೇಳುವುದನ್ನೇ ಒಂದು ಚಳವಳಿ ಮಾಡಿತು.

ನಮ್ಮ ವಾಚನಾಲಯ ಅಂಥ ದೊಡ್ಡದಲ್ಲ. ಎರಡು ಕೋಣೆ, ಒಂದು ಜಮಖಾನೆ, ಕತೆ ಹೇಳಲು ನಿವೃತ್ತ ಶಾಲಾ ಶಿಕ್ಷಕಿ. ತಂದೆ-ತಾಯಿಗಳು ಮಕ್ಕಳನ್ನು ಬಾಗಿಲಲ್ಲಿ ಬಿಟ್ಟು ತರಕಾರಿ ತರಲು ಹೊರಟರು. ನಾನೂ ಹೊರಗೆ ಪೇಪರ್ ಓದುತ್ತ ಕೂರುವವನೇ. ಆದರೆ ಮೊಮ್ಮಗಳು ನನ್ನ ಬೆರಳು ಬಿಡಲಿಲ್ಲ, ಮಂಡಿನೋವಿದ್ದರೂ ಜಮಖಾನೆಯ ಮೇಲೆ ಕೂತೆ.

ಬಾಯಿ ಕತೆ ಶುರು ಮಾಡಿದರು. ಕಾಗೆಯ ಮನೆ ಸಗಣಿಯದು, ಗುಬ್ಬಿಯ ಮನೆ ಮೇಣದ್ದು, ಮಳೆ ಬಂತು, ಕಾಗೆಯ ಮನೆ ಕೊಚ್ಚಿಹೋಯಿತು, ಕಾಗೆ ಗುಬ್ಬಿಯ ಬಾಗಿಲು ತಟ್ಟಿತು. ಅರೆ, ಇದು ನಮ್ಮ ಕಾಗಕ್ಕ ಗುಬ್ಬಕ್ಕ! ಔರಂಗಾಬಾದಿನ ಬಾಡಿಗೆ ಮನೆಯ ಅಡುಗೆಮನೆಯಿಂದ ನನ್ನ ಕಿವಿಗೆ ಅರ್ಧಂಬರ್ಧ ಬಿದ್ದ ಕತೆ. ನನ್ನಾಕೆ ಹೇಳುತ್ತಿದ್ದುದರಲ್ಲಿ ಗುಬ್ಬಕ್ಕನ ಮನೆ ಕಲ್ಲಿನದು, ಅಷ್ಟೇ ಫರಕು.

ಆ ರಾತ್ರಿ ಮೊಮ್ಮಗಳಿಗೆ ಅದನ್ನೇ ಕನ್ನಡದಲ್ಲಿ ಹೇಳಿದೆ. ಕತೆ ಗೊತ್ತಿದ್ದುದರಿಂದ ಮಾತು ಅವಳಿಗೆ ತಡೆಯಾಗಲಿಲ್ಲ. 'ಕಲ್ಲಿನ ಮನೆ' ಅಂದ ಕೂಡಲೇ ಎದ್ದು ಕೂತಳು. "ನಾಹೀ ಆಜೋಬಾ, ಮೇಣಾಚಂ!" ನಾನೂ ಬಿಡಲಿಲ್ಲ, ಕಲ್ಲಿಂದೇ ಅಂದೆ. ನಾಲ್ಕು ದಿನ ಜಗಳ ನಡೆಯಿತು. ಐದನೆಯ ದಿನ ನನ್ನನ್ನು ಸೋಲಿಸಲಿಕ್ಕೆಂದೇ ಅವಳು "ಕಲ್ಲು ಅಲ್ಲ" ಅಂದಳು. ಅವಳ ಬಾಯಿಂದ ನಾನು ಕೇಳಿದ ಮೊದಲ ಕನ್ನಡ ವಾಕ್ಯ ಅದು.

ಅವತ್ತು ನಾನು ಹೊರಗೆ ಕೂತಿದ್ದರೆ ಅವಳು ಕೇಳಿದ್ದು ಯಾವ ಕತೆ ಎಂದೇ ನನಗೆ ತಿಳಿಯುತ್ತಿರಲಿಲ್ಲ. ಅದಕ್ಕೇ ಹೇಳುವುದು, ಮಗುವನ್ನು ಬಿಟ್ಟು ಬರಬೇಡಿ, ಪಕ್ಕದಲ್ಲಿ ಕೂತುಕೊಳ್ಳಿ. ಅಕ್ಷರ ಬರಲಿ ಆಮೇಲೆ ನೋಡೋಣ ಎಂದು ಕಾಯುವುದೂ ಬೇಡ. ಮೊದಲ ಎರಡು ಮೂರು ಸಲ ಮಗು ಕೂರುವುದಿಲ್ಲ, ಓಡಾಡುತ್ತದೆ, ಓಡಾಡಲಿ. ವಾಪಸು ಬರುವಾಗ 'ಕತೆಯಿಂದ ಏನು ಕಲಿತೆ' ಎಂದು ಮಾತ್ರ ಕೇಳಬೇಡಿ. ಆಡಿಟ್ ಮಾಡಿದ ಚಾಳಿ ನೋಡಿ, ನಾನು ಒಂದು ಸಲ ಕೇಳಿದೆ. ಮುಂದಿನ ಭಾನುವಾರ ಅವಳು ಬರಲೊಲ್ಲೆ ಅಂದಳು.

ನಾನು ಲೆಡ್ಜರ್ ತಿರುವಿದ ಅದೇ ಸಂಭಾಜಿನಗರದಲ್ಲಿ, ಕೊರೋನಾದ ಕಾಲದಲ್ಲಿ, 2021ರ ಜನವರಿಯಲ್ಲಿ ಒಬ್ಬ ಶಾಲಾ ಹುಡುಗಿ ಮತ್ತು ಪುಸ್ತಕ ಮಾರುವ ಅವಳ ತಂದೆ ತಮ್ಮ ಮೊಹಲ್ಲಾದಲ್ಲೇ ಮಕ್ಕಳ ಲೈಬ್ರರಿ ತೆರೆದರು. ಕೆಲವೇ ವರ್ಷಗಳಲ್ಲಿ ಅಂಥವು 30 ದಾಟಿದವು. ನಮ್ಮ ಕರ್ನಾಟಕದಲ್ಲೂ 2020ರ ನವೆಂಬರಿನಲ್ಲಿ 'ಓದುವ ಬೆಳಕು' ಶುರುವಾಗಿ ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟವು. ಕನ್ನಡದಲ್ಲೇ ಕತೆ ಕೇಳುವ ಜಾಗ ನಿಮಗೆ ಮನೆ ಬಾಗಿಲಲ್ಲಿದೆ. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚು.

ಹೋದ ತಿಂಗಳು ಬಾಯಿಯವರು ನೀವೇ ಒಂದು ಕತೆ ಹೇಳಿ ಎಂದು ನನ್ನನ್ನು ಮುಂದೆ ಕೂರಿಸಿದರು. ನನ್ನ ಮರಾಠಿ ಬ್ಯಾಂಕಿನ ಕೌಂಟರಿಗೆ ಸಾಕು, ಕತೆಗೆ ಸಾಲದು. ಕನ್ನಡದಲ್ಲೇ ಹೇಳಿದೆ, ಮೊಮ್ಮಗಳು ಮಕ್ಕಳಿಗೆ ಮರಾಠಿ ಮಾಡಿ ಹೇಳಿದಳು. ನಾನು 'ಗುಬ್ಬಕ್ಕನ ಮನೆ ಕಲ್ಲಿಂದು' ಅಂದರೆ ಅವಳು ಸ್ವಲ್ಪವೂ ಅಂಜದೆ 'ಮೇಣಾಚಂ' ಅಂದಳು. ಚಪ್ಪಲಿ ಬಿಡುವ ಕಡೆ ನಿಂತಿದ್ದ ಮಗ ಅಲ್ಲಿಂದಲೇ ಕೂಗಿದ, "ಕಲ್ಲಿಂದಽ ಅದು. ಅವ್ವ ಕಲ್ಲಿಂದಂತನ ಹೇಳ್ತಿದ್ಲು."