ಸಂಕ ದಾಟುವ ಮಕ್ಕಳು

ಕಾಸರಗೋಡಿನ ತೋಟದ ಮನೆಗಳಲ್ಲಿ ಮಕ್ಕಳನ್ನು ಬೆಳೆಸುವವರಿಗೆ ನೀರಿನ ಭಯ ತಪ್ಪಿದ್ದಲ್ಲ. ಅಂಗಳದಿಂದ ಇಳಿದರೆ ತೋಡು, ತೋಟದ ನಡುವೆ ಕೆರೆ, ಗುಡ್ಡೆಯ ಮೇಲೆ ಮುರಕಲ್ಲು ತೆಗೆದ ಹೊಂಡ. ಈ ಭಯದಿಂದಲೇ ನಾನೊಂದು ತಪ್ಪು ಮಾಡಿದೆನು. ಅಧ್ಯಾಪಕ ತರಬೇತಿ ಪಡೆದವನಾದುದರಿಂದ ಅದು ಇನ್ನಷ್ಟು ನಾಚಿಕೆಯ ಸಂಗತಿ.

2006ರ ಮಾತು. ನನ್ನ ಮಗನಿಗೆ ಆಗ 8 ವರ್ಷ. ಹಿರಿಯರ ಜೊತೆಯಲ್ಲಿದ್ದರೂ ಅವನು ನೀರಿಗಿಳಿಯಕೂಡದೆಂದು ನನ್ನ ಕಟ್ಟಪ್ಪಣೆ. ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿಗಳನ್ನು ಕಟ್ಟಿಕೊಂಡು ನಾನೇ ಮನೆಯ ಕೆರೆಯಲ್ಲಿ ಈಜು ಕಲಿತವನು. ಆದರೆ ನಾವು ಆರು ಮಂದಿ ಮಕ್ಕಳಿದ್ದೆವು, ಇವನು ಒಬ್ಬನೇ ಎಂಬ ಲೆಕ್ಕಾಚಾರ ನನ್ನದು.

ಆಟಿ ತಿಂಗಳ ಒಂದು ಭಾನುವಾರ ಅಪರೂಪಕ್ಕೆ ಬಿಸಿಲು ಬಿದ್ದಿತ್ತು. ನೆರೆಮನೆಯ ಮಕ್ಕಳು ಅಡಕೆಮರದ ಸಂಕವನ್ನು ಎಂದಿನಂತೆ ದಾಟಿದರು. ಕದ್ದು ಹಿಂಬಾಲಿಸಿದ ನನ್ನ ಮಗ ನಡುವೆ ನೀರನ್ನೇ ನೋಡುತ್ತ ನಿಂತು, ಕಾಲು ಜಾರಿ ಬಿದ್ದನು. ಅವರಲ್ಲಿ ಹಿರಿಯಳಾದ 11 ವರ್ಷದ ಹುಡುಗಿ ದಡದಲ್ಲಿ ಬೋರಲು ಮಲಗಿ, ಬಾಗಿದ ಹಿಡಿಯ ಕೊಡೆಯನ್ನು ಅವನತ್ತ ಚಾಚಿದಳು. ಉಳಿದವರು ಅವಳ ಕಾಲುಗಳನ್ನು ಹಿಡಿದುಕೊಂಡರು. ಹಾಗೆ ಅವನು ಉಳಿದನು.

“ನೀನು ನೀರಿಗೆ ಹಾರಲಿಲ್ಲವಲ್ಲ ಮಗಳೇ?” ಎಂದು ಸಂಜೆ ಕೇಳಿದೆನು.

“ಹಾರಬಾರದು ಮಾಷ್ಟ್ರೇ. ಹಾರಿದರೆ ಇಬ್ಬರೂ ಹೋಗ್ತೇವೆ, ಅಜ್ಜಿ ಹೇಳಿದ್ದಾರೆ.”

ಅವಳಿಗೆ ಇಷ್ಟು ತಿಳಿದಿತ್ತು. ನನ್ನ ಮಗನಿಗೆ ನೀರಿನ ಬಣ್ಣವೂ ತಿಳಿದಿರಲಿಲ್ಲ. ನಮ್ಮಲ್ಲಿ ಬಿಸಿಲಿದ್ದರೂ ಮೇಲೆ ಘಟ್ಟದಲ್ಲಿ ಮಳೆ ಸುರಿದರೆ ತೋಡು ಕೆಂಪಾಗಿ, ಕಸಕಡ್ಡಿ ಹೊತ್ತು ಬರುತ್ತದೆ. ಆಗ ಸಂಕದ ಬಳಿಗೂ ಹೋಗಕೂಡದು. ಇದನ್ನು ಅವನಿಗೆ ಹೇಳಬೇಕಾದವನು ನಾನು.

ಮುಂದಿನ ವೈಶಾಖದಲ್ಲಿ, ಕೆರೆಯ ನೀರು ಅವನ ಸೊಂಟಕ್ಕೆ ಇಳಿದ ಮೇಲೆ, ಅವನನ್ನು ನಾನೇ ಇಳಿಸಿದೆನು. ಮೊದಲು ಎರಡು ತೆಂಗಿನಕಾಯಿ, ಬಳಿಕ ಒಂದು, ಆಮೇಲೆ ಅದೂ ಇಲ್ಲ. ಅಂದಿನಿಂದ ಪ್ರತಿ ಬೇಸಗೆಯಲ್ಲಿಯೂ ಊರಿನ ಮಕ್ಕಳು ಬರುತ್ತಾರೆ. ದೊಡ್ಡವರೊಬ್ಬರು ಮೆಟ್ಟಿಲ ಮೇಲೆ ಕುಳಿತು ತಲೆ ಎಣಿಸುತ್ತಿರಬೇಕು; ಕೈಯಲ್ಲಿ ಪತ್ರಿಕೆಯಾಗಲಿ ಫೋನಾಗಲಿ ಇರಕೂಡದು. ಮುಳುಗುವ ಮಗು ಕೂಗುತ್ತದೆಂದು ಅನೇಕರು ತಿಳಿದಿದ್ದಾರೆ. ಅದು ಸದ್ದಿಲ್ಲದೆ ಮುಳುಗುತ್ತದೆ. ನೀರು ಕುಡಿದ ಮಗುವನ್ನು ತಲೆಕೆಳಗಾಗಿ ಹಿಡಿದು ತಿರುಗಿಸುವ ಹಳೆಯ ಕ್ರಮವೂ ತಪ್ಪು. ಉಸಿರು ನಿಂತಿದ್ದರೆ ಕೂಡಲೇ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆಯನ್ನು ಒತ್ತಬೇಕು. ಇನ್ನು, ನಡೆಯಲು ಕಲಿತಷ್ಟೇ ಆದ ಕೂಸುಗಳಿಗೆ ಈ ಸಾಹಸವೆಲ್ಲ ಬೇಡ. ಅವರಿಗೆ ಕೆರೆಯ ಸುತ್ತ ಬೇಲಿಯೇ ಸರಿ.

ಕಳೆದ ಬೇಸಗೆಯಲ್ಲಿ ಒಬ್ಬ ತಾಯಿ, “ಏನಾದರೂ ಆದರೆ ಹೊಣೆ ಯಾರು ಮಾಷ್ಟ್ರೇ?” ಎಂದು ನೇರವಾಗಿ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ನೀವೂ ಬಂದು ತಲೆ ಎಣಿಸಿರಿ ಎಂದಷ್ಟೇ ಹೇಳಿದೆನು. ಬಂದರು. ಮೂರು ದಿನ ಮಗಳನ್ನು ಮಡಿಲಿನಿಂದ ಕೆಳಗಿಳಿಸಲಿಲ್ಲ. ನಾಲ್ಕನೆಯ ದಿನ ಆ ಹುಡುಗಿ ಕೊನೆಯ ಮೆಟ್ಟಿಲಲ್ಲಿ ಕುಳಿತು ಕಾಲುಗಳನ್ನು ನೀರಿಗೆ ಇಳಿಬಿಟ್ಟಿದ್ದಳು. ತಾಯಿಯ ಕೈ ಅವಳ ಲಂಗದ ಅಂಚನ್ನು ಹಿಡಿದೇ ಇತ್ತು.